ಸಮವಸ್ತ್ರ ಹೋಯಿತು, ಸ್ಪ್ಯಾನರ್ ಉಳಿಯಿತು: ಮಾಲ್ಡೀವ್ಸ್‌ನ ಮೂರು ವಿಮಾನಗಳ ಪ್ರಕರಣ

2024ರ ಮೇ 10 ಮಾಲ್ಡೀವ್ಸ್ ಸರ್ಕಾರ ಭಾರತಕ್ಕೆ ಕೊಟ್ಟಿದ್ದ ಗಡುವಿನ ಕೊನೆಯ ದಿನ. ಅಷ್ಟರೊಳಗೆ ಆ ದ್ವೀಪರಾಷ್ಟ್ರದಲ್ಲಿದ್ದ ಭಾರತೀಯ ಸೈನಿಕರೆಲ್ಲ ಊರಿಗೆ ಮರಳಿದ್ದರು. ಆದರೆ ಯಾವ ಯಂತ್ರಗಳಿಗಾಗಿ ಅವರು ಅಲ್ಲಿದ್ದರೋ ಆ ಎರಡು ಧ್ರುವ್ ಹೆಲಿಕಾಪ್ಟರ್‌ಗಳು, ಒಂದು ಡಾರ್ನಿಯರ್ ವಿಮಾನ ಎಲ್ಲಿಗೂ ಹೋಗಲಿಲ್ಲ. ಅವುಗಳ ಹೊಣೆ ಹೊತ್ತವರು ಸೈನಿಕರಲ್ಲ, ಅವುಗಳನ್ನು ತಯಾರಿಸಿದ ಹಿಂದೂಸ್ತಾನ್ ಏರೋನಾಟಿಕ್ಸ್ ಕಂಪನಿಯ, ಅಂದರೆ ನಮ್ಮ ಎಚ್‌ಎಎಲ್‌ನ ನಾಗರಿಕ ಸಿಬ್ಬಂದಿ.

ಮಾರತ್ತಹಳ್ಳಿ, ದೊಡ್ಡನೆಕ್ಕುಂದಿ, ವಿಮಾನಪುರದ ಜನರಿಗೆ ಧ್ರುವ್ ಅಪರಿಚಿತವಲ್ಲ. ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ಗುಡುಗಿಕೊಂಡು ಹೋಗುವ ಹೆಲಿಕಾಪ್ಟರ್ ಅದೇ. ಅದು ಎರಡು ದೇಶಗಳ ನಡುವಿನ ಜಟಾಪಟಿಯ ಕೇಂದ್ರವಾಗಿತ್ತು ಎಂಬುದು ಮಾತ್ರ ಬೆಂಗಳೂರಿನ ಸುದ್ದಿಯಾಗಲಿಲ್ಲ. ಆ ತಿಂಗಳುಗಳಲ್ಲಿ ಇಲ್ಲಿ ನಡೆದ ಚರ್ಚೆಯೆಲ್ಲ ಮಧುಚಂದ್ರಕ್ಕೆ ಮಾಲ್ಡೀವ್ಸೋ ಲಕ್ಷದ್ವೀಪವೋ ಎಂಬುದರ ಸುತ್ತ. ಪ್ರವಾಸ ಬಹಿಷ್ಕಾರದ ಗದ್ದಲಕ್ಕಿಂತ ಈ ಮೂರು ವಿಮಾನಗಳ ಕಥೆಯೇ ನೆರೆಹೊರೆಯ ರಕ್ಷಣಾ ಸಹಕಾರ ಹೇಗೆ ನಿಲ್ಲುತ್ತದೆ, ಹೇಗೆ ಮುರಿಯುತ್ತದೆ ಎಂಬುದನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆ

ಮಾಲ್ಡೀವ್ಸ್ ಎಂದರೆ ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಚೆಲ್ಲಿಹೋದ ಸುಮಾರು 1,200 ದ್ವೀಪಗಳು. ಜನಸಂಖ್ಯೆ ಐದು ಲಕ್ಷದ ಆಸುಪಾಸು; ಬೆಂಗಳೂರಿನ ಎರಡು ಮೂರು ವಿಧಾನಸಭಾ ಕ್ಷೇತ್ರಗಳಿಗೆ ಸಮ. ಆದರೆ ಆ ದೇಶದ ಹಕ್ಕಿಗೆ ಒಳಪಟ್ಟ ಸಮುದ್ರ ಸುಮಾರು 9 ಲಕ್ಷ ಚದರ ಕಿಲೋಮೀಟರ್. ನಮ್ಮ ಮಿನಿಕಾಯ್ ದ್ವೀಪದಿಂದ ಅದರ ಉತ್ತರದ ತುದಿಗೆ 70 ನಾಟಿಕಲ್ ಮೈಲಿ ಮಾತ್ರ. ಕೊಲ್ಲಿ ದೇಶಗಳಿಂದ ಪೂರ್ವಕ್ಕೆ ಹೋಗುವ ತೈಲದ ಹಡಗುಗಳು ಈ ದ್ವೀಪಸಾಲಿನ ಆಚೀಚಿನ ಕಡಲ ಹಾದಿಗಳಲ್ಲೇ ಸಾಗುತ್ತವೆ. ದಕ್ಷಿಣದ ಅಡ್ಡು ಹವಳದ್ವೀಪದ ಗಾನ್‌ನಲ್ಲಿ 1976ರವರೆಗೂ ಬ್ರಿಟಿಷ್ ವಾಯುಪಡೆಯ ನೆಲೆ ಇತ್ತು. ಈ ನೆಲದ ಮೇಲೆ ದೊಡ್ಡವರ ಕಣ್ಣು ಬಿದ್ದದ್ದು ನಿನ್ನೆ ಮೊನ್ನೆಯಲ್ಲ.

ಭಾರತದ ಸೈನಿಕರು ಅಲ್ಲಿ ಮೊದಲು ಇಳಿದದ್ದು 1988ರ ನವೆಂಬರ್ 3ರ ರಾತ್ರಿ. ಶ್ರೀಲಂಕಾದ ತಮಿಳು ಉಗ್ರರನ್ನು ಬಾಡಿಗೆಗೆ ತಂದು ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ಅವರನ್ನು ಉರುಳಿಸಲು ಹೊರಟ ಸಂಚನ್ನು ಆಗ್ರಾದಿಂದ ಹಾರಿದ ಪ್ಯಾರಾ ಸೈನಿಕರು ಮುರಿದರು. ಓಡಿಹೋಗುತ್ತಿದ್ದವರ ಹಡಗನ್ನು ನೌಕಾಪಡೆ ಬೆನ್ನಟ್ಟಿ ಹಿಡಿಯಿತು. ಕೆಲಸ ಮುಗಿದ ಮೇಲೆ ಸೈನ್ಯ ವಾಪಸಾಯಿತು. ಆ ಒಂದು ಘಟನೆಯ ಪುಣ್ಯದಲ್ಲಿ ಭಾರತ ಬಹಳ ವರ್ಷ ನೆಮ್ಮದಿಯಾಗಿತ್ತು. ಬಹುಶಃ ಬೇಕಾದ್ದಕ್ಕಿಂತ ಹೆಚ್ಚು ವರ್ಷ.

ಉಡುಗೊರೆಯೊಡನೆ ಬಂದವರು

2009ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರಾಗಿದ್ದ ಎ.ಕೆ. ಆಂಟನಿ ರಾಜಧಾನಿ ಮಾಲೆಗೆ ಹೋಗಿ ಬಂದ ಮರುವರ್ಷ ಮೊದಲ ಧ್ರುವ್ ಅಡ್ಡುವಿಗೆ ತಲುಪಿತು. ಕೆಲವು ವರ್ಷಗಳಲ್ಲಿ ಎರಡನೆಯದು ಸೇರಿಕೊಂಡಿತು. 2020ರಲ್ಲಿ ಕಾನ್ಪುರದಲ್ಲಿ ತಯಾರಾಗುವ ಡಾರ್ನಿಯರ್ ಬಂದು ಉತ್ತರದ ಹನಿಮಾಧೂವಿನಲ್ಲಿ ನೆಲೆಸಿತು. ಕೆಲಸ ಮೂರು ಬಗೆಯದು: ಕಡಲ ಕಾವಲು, ಕಾಣೆಯಾದ ದೋಣಿಗಳ ಹುಡುಕಾಟ, ಮತ್ತು ಎಲ್ಲಕ್ಕಿಂತ ಜನರಿಗೆ ತಟ್ಟುವಂಥದ್ದು, ದೂರದ ದ್ವೀಪಗಳ ರೋಗಿಗಳನ್ನು ಮಾಲೆಯ ಆಸ್ಪತ್ರೆಗೆ ಸಾಗಿಸುವುದು. ಹೃದಯಾಘಾತವಾದವರನ್ನು ಅಡ್ಡುವಿನಿಂದ ಮಾಲೆಗೆ ದೋಣಿಯಲ್ಲಿ ಕರೆದೊಯ್ಯುವುದೆಂದರೆ 500 ಕಿಲೋಮೀಟರಿಗೂ ಮಿಕ್ಕಿದ ತೆರೆದ ಕಡಲು. 2023ರಲ್ಲಿ ಭಾರತ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ಹಿಂದಿನ ಐದು ವರ್ಷಗಳಲ್ಲಿ ಇಂಥ 500ಕ್ಕೂ ಹೆಚ್ಚು ವೈದ್ಯಕೀಯ ಹಾರಾಟಗಳು ನಡೆದಿದ್ದವು.

ಹೆಲಿಕಾಪ್ಟರನ್ನು ಮಾತ್ರ ಕೊಟ್ಟು ಬರಲಾಗುವುದಿಲ್ಲ. ಹಾರಿಸುವವರು, ದುರಸ್ತಿ ಮಾಡುವವರು ಜೊತೆಗೆ ಹೋಗಬೇಕು. ಮಾಲ್ಡೀವ್ಸ್‌ನ ಅಧಿಕಾರಿಯೊಬ್ಬರು 2023ರ ನವೆಂಬರ್‌ನಲ್ಲಿ ಕೊಟ್ಟ ವಿವರ ಹೀಗಿತ್ತು: ಒಂದು ಹೆಲಿಕಾಪ್ಟರಿಗೆ 24 ಮಂದಿ, ಇನ್ನೊಂದಕ್ಕೆ 26, ಡಾರ್ನಿಯರಿಗೆ 25, ಎಂಜಿನಿಯರಿಂಗ್ ನಿರ್ವಹಣೆಗೆ ಇಬ್ಬರು; ಒಟ್ಟು 77. ಒಂದು ದೇಶವನ್ನು ಆಕ್ರಮಿಸುವ ಸಂಖ್ಯೆಯೇ ಇದು? ಬಿಎಂಟಿಸಿಯ ಒಂದೂವರೆ ಬಸ್ಸಿಗೆ ಸಾಲುವಷ್ಟು ಜನ. ಆದರೆ ಮಾಲೆಯ ಬೀದಿಯಲ್ಲಿ ಅದನ್ನು ಯಾರೂ ಹಾಗೆ ಎಣಿಸಲಿಲ್ಲ. ಒಪ್ಪಂದದ ಪೂರ್ಣ ಪಾಠವನ್ನು ಎರಡೂ ಸರ್ಕಾರಗಳು ಜನರ ಮುಂದಿಡಲಿಲ್ಲ. 2021ರ ಫೆಬ್ರವರಿಯಲ್ಲಿ ಉತುರು ತಿಲಾ ಫಲ್ಹು ದ್ವೀಪದಲ್ಲಿ ಕರಾವಳಿ ಕಾವಲುಪಡೆಗೆ ಬಂದರು ಕಟ್ಟಿಕೊಡುವ ಒಪ್ಪಂದಕ್ಕೂ ಸಹಿ ಬಿದ್ದಾಗ ಇದು ಭಾರತದ ಗುಪ್ತ ನೆಲೆಯಾಗುತ್ತದೆ ಎಂಬ ಗುಲ್ಲು ಹಬ್ಬಿತು. ಭಾರತದ ಸೈನಿಕರು ದೇಶ ಬಿಟ್ಟು ಹೋಗಲಿ ಎಂಬ 'ಇಂಡಿಯಾ ಔಟ್' ಚಳವಳಿಗೆ ಎಣ್ಣೆ ಸಿಕ್ಕಿದ್ದು ಈ ಮುಚ್ಚುಮರೆಯಿಂದ. ಚೀನಾದ ಕೈವಾಡ ಎಂದು ನಮ್ಮ ಟಿವಿಗಳು ಬೊಬ್ಬೆ ಹೊಡೆದವು. ಅದಕ್ಕೆ ಬೇಕಾದಷ್ಟು ಸೌದೆಯನ್ನು ನಾವೇ ಒಟ್ಟಿಕೊಟ್ಟಿದ್ದೆವು ಎಂದು ಹೇಳಿದವರು ಕಡಿಮೆ. 2022ರ ಏಪ್ರಿಲ್‌ನಲ್ಲಿ ಅಂದಿನ ಅಧ್ಯಕ್ಷ ಇಬ್ರಾಹಿಂ ಮೊಹಮ್ಮದ್ ಸೋಲಿಹ್ ಆ ಚಳವಳಿಯನ್ನೇ ಆದೇಶ ಹೊರಡಿಸಿ ನಿಷೇಧಿಸಿದರು. ನಿಷೇಧದಿಂದ ಗುಲ್ಲು ಅಡಗಿದ ನಿದರ್ಶನ ಎಲ್ಲಿಯೂ ಇಲ್ಲ, ಅಲ್ಲಿಯೂ ಅಡಗಲಿಲ್ಲ.

ಮೊದಲ ಸಲ ಅಲ್ಲ

ಇದೇ ನಾಟಕದ ಒಂದು ಅಂಕ 2018ರಲ್ಲೇ ನಡೆದಿತ್ತು. ಅಧ್ಯಕ್ಷ ಅಬ್ದುಲ್ಲಾ ಯಮೀನ್ ಆಗ ಚೀನಾದತ್ತ ಪೂರ್ತಿ ವಾಲಿದ್ದರು. ಭಾರತೀಯ ಕಂಪನಿಯಿಂದ 2012ರಲ್ಲಿ ಕಿತ್ತುಕೊಂಡಿದ್ದ ಮಾಲೆ ವಿಮಾನ ನಿಲ್ದಾಣದ ವಿಸ್ತರಣೆ ಚೀನಾದ ಕಂಪನಿಯ ಪಾಲಾಗಿತ್ತು. ಮಾಲೆಯಿಂದ ವಿಮಾನ ನಿಲ್ದಾಣದ ದ್ವೀಪಕ್ಕೆ ಚೀನಾ ಸೇತುವೆ ಕಟ್ಟಿಕೊಟ್ಟಿತ್ತು. ಆ ಸೇತುವೆಯ ಹೊಣೆ ಹೊತ್ತಿದ್ದ ವಸತಿ ಸಚಿವರ ಹೆಸರು ಮೊಹಮ್ಮದ್ ಮುಯಿಝು. ಹೆಲಿಕಾಪ್ಟರ್‌ಗಳ ಅವಧಿ ಮುಗಿದಿದೆ, ನಮ್ಮಲ್ಲೇ ಸಾಕಷ್ಟು ವ್ಯವಸ್ಥೆ ಇದೆ, ವಾಪಸ್ ಒಯ್ಯಿರಿ ಎಂದು ಯಮೀನ್ ಸರ್ಕಾರ ಹೇಳಿತು. ಸಿಬ್ಬಂದಿಯ ವೀಸಾ ಅವಧಿ ಜೂನ್ 30ಕ್ಕೆ ತೀರಿತು. ಭಾರತ ವಾದಕ್ಕಿಳಿಯದೆ, ಯಂತ್ರಗಳನ್ನೂ ಕದಲಿಸದೆ ಸುಮ್ಮನೆ ಕುಳಿತಿತು. ಸೆಪ್ಟೆಂಬರ್‌ನಲ್ಲಿ ಯಮೀನ್ ಚುನಾವಣೆ ಸೋತರು. ಹೊಸ ಸರ್ಕಾರ ಹೆಲಿಕಾಪ್ಟರ್‌ಗಳನ್ನು ಉಳಿಸಿಕೊಂಡಿತು.

ದೆಹಲಿ ಇದರಿಂದ ತಪ್ಪು ಪಾಠ ಕಲಿಯಿತೆಂದು ನನಗನ್ನಿಸುತ್ತದೆ. ತಾಳಿದವನು ಬಾಳಿಯಾನು ಎಂಬುದು ನಿಜವೇ. ಆದರೆ ಆ ಐದು ವರ್ಷ ಸ್ನೇಹದ ಸರ್ಕಾರವಿದ್ದಾಗಲೇ ಸೈನಿಕರ ಜಾಗಕ್ಕೆ ನಾಗರಿಕರನ್ನು ತಂದಿದ್ದರೆ, ಸ್ಥಳೀಯ ಪೈಲಟ್‌ಗಳ ತರಬೇತಿಯನ್ನು ಗುರಿ ಮುಟ್ಟಿಸಿದ್ದರೆ, 2023ರಲ್ಲಿ ಮುಯಿಝು ಅವರಿಗೆ ಪ್ರಚಾರದ ವಿಷಯವೇ ಇರುತ್ತಿರಲಿಲ್ಲ.

ಗಡುವಿನ ದಿನಗಳು

ಶಿಕ್ಷೆಗೆ ಒಳಗಾಗಿದ್ದ ಯಮೀನ್ ಸ್ಪರ್ಧಿಸುವಂತಿರಲಿಲ್ಲ. ಅವರ ಬಣದ ಬೆಂಬಲದಿಂದ ಕಣಕ್ಕಿಳಿದ ಮುಯಿಝು ಅಧ್ಯಕ್ಷೀಯ ಚುನಾವಣೆಯ 2023ರ ಸೆಪ್ಟೆಂಬರ್ 30ರ ಎರಡನೇ ಸುತ್ತಿನಲ್ಲಿ ಗೆದ್ದರು. ನವೆಂಬರ್ 17ರಂದು ಪ್ರಮಾಣವಚನ. ಮರುದಿನವೇ, ಸಮಾರಂಭಕ್ಕೆ ಹೋಗಿದ್ದ ಕೇಂದ್ರ ಸಚಿವ ಕಿರಣ್ ರಿಜಿಜು ಅವರ ಮುಂದೆ ಸೈನಿಕರನ್ನು ಹಿಂಪಡೆಯಿರಿ ಎಂಬ ಅಧಿಕೃತ ಕೋರಿಕೆ. ಡಿಸೆಂಬರ್‌ನಲ್ಲಿ ಕಡಲಾಳದ ಜಂಟಿ ಸಮೀಕ್ಷೆಯ ಒಪ್ಪಂದವನ್ನು ನವೀಕರಿಸುವುದಿಲ್ಲ ಎಂಬ ತೀರ್ಮಾನ. ಜನವರಿಯಲ್ಲಿ ಪ್ರಧಾನಿಯ ಲಕ್ಷದ್ವೀಪ ಭೇಟಿ, ಅದನ್ನು ಹಂಗಿಸಿದ ಮೂವರು ಉಪಸಚಿವರ ಅಮಾನತು, ಬಹಿಷ್ಕಾರದ ಕೂಗು. ಅದೇ ತಿಂಗಳು ಬೀಜಿಂಗ್‌ನಿಂದ ಮರಳಿದ ಮುಯಿಝು, ನಾವು ಚಿಕ್ಕವರಿರಬಹುದು, ಹಾಗೆಂದು ನಮ್ಮನ್ನು ಬೆದರಿಸಲು ಯಾರಿಗೂ ಪರವಾನಗಿ ಇಲ್ಲ ಎಂದರು. ಸೈನಿಕರು ಮಾರ್ಚ್ 15ರೊಳಗೆ ಹೊರಡಬೇಕೆಂಬ ಗಡುವು ಬಂತು.

ಈ ನಡುವೆ ಗಾಫು ಅಲಿಫು ಹವಳದ್ವೀಪದ ಬಾಲಕನೊಬ್ಬ ತುರ್ತು ಸ್ಥಳಾಂತರ ತಡವಾದ ಬಳಿಕ ತೀರಿಕೊಂಡ. ಭಾರತದ ಡಾರ್ನಿಯರ್ ಬಳಸಲು ಒಪ್ಪಿಗೆ ಸಿಗಲಿಲ್ಲವೆಂದು ಕೆಲವು ಪತ್ರಿಕೆಗಳು ಬರೆದವು; ಸ್ಥಳಾಂತರ ನೋಡಿಕೊಳ್ಳುವ ಅಲ್ಲಿನ ಕಂಪನಿ ತಾಂತ್ರಿಕ ಅಡಚಣೆ ಎಂದಿತು. ಒಂದು ಸಾವಿನಿಂದ ಇಡೀ ನೀತಿಯನ್ನು ಅಳೆಯುವುದು ಸರಿಯಲ್ಲ, ಆದರೆ ಆ ಸಾವಿನ ನಂತರ ವಿಮಾನಗಳನ್ನೇ ಕಳಿಸಿಬಿಡಿ ಎನ್ನುವುದು ಮಾಲೆಯಲ್ಲಿ ಯಾರಿಗೂ ಸುಲಭವಿರಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ದಾರಿ ಫೆಬ್ರವರಿ 2ರಂದು ದೆಹಲಿಯಲ್ಲಿ ಸಿಕ್ಕಿತು. ಎರಡೂ ಕಡೆಯ ಅಧಿಕಾರಿಗಳ ಉನ್ನತ ಸಮಿತಿಯ ಎರಡನೇ ಸಭೆಯದು. ಮೂರರಲ್ಲಿ ಒಂದು ವಿಮಾನದ ಸೈನಿಕರು ಮಾರ್ಚ್ 10ರೊಳಗೆ, ಉಳಿದೆರಡರವರು ಮೇ 10ರೊಳಗೆ ಹೊರಡಬೇಕು. ಅವರ ಜಾಗಕ್ಕೆ ಅರ್ಹ ಭಾರತೀಯ ತಾಂತ್ರಿಕ ಸಿಬ್ಬಂದಿ ಬರಬೇಕು. ದಿನಾಂಕಗಳನ್ನು ಗಮನಿಸಿ. ಎರಡರ ನಡುವೆ ಏಪ್ರಿಲ್ 21ಕ್ಕೆ ಮಾಲ್ಡೀವ್ಸ್ ಸಂಸತ್ತಿನ ಚುನಾವಣೆ ಇತ್ತು. ಅಡ್ಡುವಿನ ಸೈನಿಕರು ಹೊರಟದ್ದನ್ನು ಮುಯಿಝು ಸಭೆ ಸಭೆಯಲ್ಲಿ ಹೇಳಿಕೊಂಡರು. ಸೈನಿಕರೇ ಮಫ್ತಿಯಲ್ಲಿ ಮರಳುತ್ತಾರೆಂಬ ವದಂತಿಗೆ, ಮೇ 10ರ ನಂತರ ಸಮವಸ್ತ್ರದಲ್ಲಾಗಲಿ ಸಾದಾ ಉಡುಪಿನಲ್ಲಾಗಲಿ ಒಬ್ಬ ಭಾರತೀಯ ಸೈನಿಕನೂ ಇರುವುದಿಲ್ಲ ಎಂದು ಉತ್ತರಿಸಿದರು. ಅವರ ಪಕ್ಷ ಭಾರಿ ಬಹುಮತದಿಂದ ಗೆದ್ದಿತು. ವಿಮಾನಗಳು ತಮ್ಮ ಪಾಡಿಗೆ ರೋಗಿಗಳನ್ನು ಸಾಗಿಸುತ್ತಿದ್ದವು.

ಗಡುವು ಮುಗಿದ ಬೆನ್ನಿಗೇ ರಕ್ಷಣಾ ಸಚಿವ ಘಸ್ಸಾನ್ ಮೌಮೂನ್ ಪತ್ರಿಕಾಗೋಷ್ಠಿಯಲ್ಲಿ ಒಂದು ಮಾತು ಒಪ್ಪಿಕೊಂಡರು: ಈ ಮೂರು ವಿಮಾನಗಳನ್ನು ಹಾರಿಸಬಲ್ಲವರು ತಮ್ಮ ಸೇನೆಯಲ್ಲಿ ಇನ್ನೂ ಇಲ್ಲ; ತರಬೇತಿ ಆರಂಭಿಸಿದವರು ಅದನ್ನು ಪೂರೈಸಿಲ್ಲ. 1988ರಲ್ಲಿ ಭಾರತವನ್ನು ಕರೆಸಿಕೊಂಡ ಗಯೂಮ್ ಅವರ ಮಗ ಇವರು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ.

ಹ್ಯಾಂಗರ್‌ನೊಳಗೆ

ಯಾಕೆ ಇಲ್ಲ ಎಂಬುದಕ್ಕೆ ಉತ್ತರ ರಾಜಕೀಯದಲ್ಲಿಲ್ಲ, ಹ್ಯಾಂಗರ್‌ನೊಳಗಿದೆ.

ಧ್ರುವ್ ಐದೂವರೆ ಟನ್ ತೂಕದ ವರ್ಗದ ಎರಡು ಎಂಜಿನ್‌ಗಳ ಯಂತ್ರ. 1992ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿತು. ಅದು ಕಡಲ ಮೇಲೆ ಹಾರಿ ಬಂದಾಗಲೆಲ್ಲ ಉಪ್ಪನ್ನು ಹೊತ್ತು ತರುತ್ತದೆ. ಆ ಉಪ್ಪು ಎಂಜಿನ್ನಿನ ಕಂಪ್ರೆಸರ್ ಎಲೆಗಳ ಮೇಲೆ ಕೂರುತ್ತದೆ, ರೋಟರ್ ತಲೆಯ ಸಂದುಗಳಿಗೆ ಇಳಿಯುತ್ತದೆ, ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆ ಬಿಳಿಯ ಪುಡಿಯಂತೆ ಏಳುತ್ತದೆ. ದಿನದ ಹಾರಾಟ ಮುಗಿದ ಮೇಲೆ ಸಿಹಿನೀರಿನಿಂದ ಎಂಜಿನ್ ತೊಳೆಯಬೇಕು, ಹೊರಮೈ ಒರೆಸಬೇಕು, ಟಾರ್ಚ್ ಹಿಡಿದು ಸಂದುಗೊಂದುಗಳನ್ನು ನೋಡಬೇಕು, ಕೀಲುಗಳಿಗೆ ಗ್ರೀಸ್ ತುಂಬಬೇಕು. ಒಂದೊಂದು ಮುಖ್ಯ ಬಿಡಿಭಾಗಕ್ಕೂ ಗಂಟೆಗಳ ಲೆಕ್ಕದಲ್ಲಿ ಆಯುಸ್ಸಿದೆ. ಅದರ ಕಾರ್ಡಿನಲ್ಲಿ ಅಧಿಕಾರವುಳ್ಳವರ ಸಹಿ ಬೀಳದೆ ಯಂತ್ರ ನೆಲ ಬಿಡುವಂತಿಲ್ಲ. ಆಯುಸ್ಸು ತೀರಿದ ಗೇರ್‌ಬಾಕ್ಸ್ ಮಾಲೆಯಲ್ಲಿ ಬಿಚ್ಚುವಂಥದ್ದಲ್ಲ, ತಯಾರಕರ ಬಳಿಗೇ ಬರಬೇಕು. ಯಾವ ಭಾಗದಲ್ಲಿ ದೋಷ ಕಂಡರೂ ಹೊಸ ತಪಾಸಣೆಯ ಸೂಚನೆ ಹೊರಡುವುದು ಬೆಂಗಳೂರಿನಿಂದ. ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ದೃಢೀಕರಿಸುವ ಸೆಮಿಲಾಕ್ ಸಂಸ್ಥೆ ಇರುವುದೂ ಮಾರತ್ತಹಳ್ಳಿಯಲ್ಲೇ. ಪೈಲಟ್ ಒಬ್ಬನನ್ನು ತಯಾರು ಮಾಡಲು ವರ್ಷಗಳು ಬೇಕು. ತಪಾಸಣೆಗೆ ಸಹಿ ಹಾಕಬಲ್ಲ ತಂತ್ರಜ್ಞನಿಗೂ ಅಷ್ಟೇ. ಐದು ಲಕ್ಷ ಜನರ ದೇಶ ಕೇವಲ ಎರಡು ಹೆಲಿಕಾಪ್ಟರ್‌ಗಳಿಗಾಗಿ ಈ ಇಡೀ ಏಣಿಯನ್ನು ಕಟ್ಟಿಕೊಳ್ಳುವುದು ಆಗಹೋಗದ ಮಾತು.

ಹೀಗಾಗಿ ಸೈನಿಕನಿದ್ದನೋ ಇಲ್ಲವೋ ಎಂಬ ಜಗಳದಲ್ಲಿ ಎರಡೂ ಕಡೆ ಕೂಗಾಡಿದವರು ಮುಖ್ಯವಾದುದನ್ನು ಬಿಟ್ಟರು. ಅವಲಂಬನೆ ಇದ್ದದ್ದು ಬಂದೂಕು ಹಿಡಿದವನ ಮೇಲಲ್ಲ, ಸಹಿ ಹಾಕುವವನ ಮೇಲೆ. ಅವನು ಭುಜಪಟ್ಟಿ ಧರಿಸಿದರೂ ಒಂದೇ, ಕಂಪನಿಯ ಗುರುತಿನ ಚೀಟಿ ತೂಗುಹಾಕಿಕೊಂಡರೂ ಒಂದೇ. ಮುಯಿಝು ತಮ್ಮ ಮತದಾರರಿಗೆ ಮಾತು ಉಳಿಸಿಕೊಟ್ಟರು. ಭಾರತಕ್ಕೆ ಬೇಕಾಗಿದ್ದ ಇರವು ಹೋಗಲಿಲ್ಲ. ತೋರಿಕೆಯ ಸೋಲನ್ನು ನುಂಗಿಕೊಳ್ಳಲು ದೆಹಲಿ ಒಪ್ಪಿದ್ದು ಈ ಪ್ರಕರಣದಲ್ಲಿ ಅದು ಮಾಡಿದ ಅತ್ಯಂತ ಜಾಣ ಕೆಲಸ.

ಆದರೆ ಈ ಹಗ್ಗಕ್ಕೆ ಇನ್ನೊಂದು ತುದಿಯೂ ಇದೆ. ಈಕ್ವೆಡಾರ್ ಏಳು ಧ್ರುವ್‌ಗಳನ್ನು ಹಣ ಕೊಟ್ಟು ಕೊಂಡಿತ್ತು. ನಾಲ್ಕು ಅಪಘಾತಕ್ಕೀಡಾದವು, ಬಿಡಿಭಾಗ ಸಮಯಕ್ಕೆ ಬರುವುದಿಲ್ಲವೆಂಬ ದೂರೂ ಸೇರಿ 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದು ಮಾಡಿತು. ದೂರದ ಗಿರಾಕಿ ಎದ್ದು ಹೋಗಬಲ್ಲ. ಉಡುಗೊರೆ ಪಡೆದ ನೆರೆಯವನು ಗೊಣಗಿಕೊಂಡು ಇರುತ್ತಾನೆ, ಅಷ್ಟೇ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲುಪಡೆಯ ಧ್ರುವ್ ಬಿದ್ದು ಮೂವರು ಸತ್ತಾಗ ಭಾರತದ ಸುಮಾರು 330 ಧ್ರುವ್‌ಗಳ ಹಾರಾಟ ನಿಂತಿತು. ಮರುತಿಂಗಳು ಯಲಹಂಕದ ಏರೋ ಇಂಡಿಯಾದಲ್ಲಿ ಧ್ರುವ್‌ಗಳಲ್ಲೇ ಹಾರುವ ವಾಯುಪಡೆಯ ಸಾರಂಗ್ ತಂಡದ ಕಸರತ್ತು ಇರಲಿಲ್ಲ. ಲೋಹದ ಪರೀಕ್ಷೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನೆರವು ಪಡೆಯಬೇಕಾಯಿತು. ಹಿಂದೂ ಮಹಾಸಾಗರದಲ್ಲಿ ಭಾರತದ ಪ್ರಭಾವ ಎಂದು ನಾವು ದೊಡ್ಡದಾಗಿ ಹೇಳಿಕೊಳ್ಳುವುದರ ಒಂದು ಪಾಲು ಹಳೆಯ ವಿಮಾನ ನಿಲ್ದಾಣದ ಆ ಶೆಡ್‌ಗಳಲ್ಲಿ ತಯಾರಾಗುವ ಬಿಡಿಭಾಗಗಳ ಗುಣಮಟ್ಟದ ಮೇಲೆ ನಿಂತಿದೆ. ವಿದೇಶಾಂಗ ನೀತಿಯ ಪಂಡಿತರು ಅಲ್ಲಿಗೆ ಹೋಗುವುದು ಅಪರೂಪ.

ಗಿಡದ ಲೆಕ್ಕಾಚಾರ

ಎರಡು ಕೋಣಗಳ ಕಾದಾಟದಲ್ಲಿ ನಡುವಿನ ಗಿಡ ನಲುಗುತ್ತದೆ ಎಂಬ ಹಳೆಯ ಮಾತು ಇಲ್ಲಿ ಪೂರ್ತಿ ನಡೆಯಲಿಲ್ಲ. ಈ ಗಿಡ ಎರಡೂ ಕೋಣಗಳಿಂದ ನೀರು ಹೊರಿಸಿತು. 2024ರ ಫೆಬ್ರವರಿಯಲ್ಲಿ ಚೀನಾದ ಸಂಶೋಧನಾ ಹಡಗು ಮಾಲೆಯ ಬಳಿ ಬಂದು ನಿಂತಿತು. ಮಾರ್ಚ್‌ನಲ್ಲಿ ಚೀನಾದೊಡನೆ ಉಚಿತ ಸೇನಾ ನೆರವಿನ ಒಪ್ಪಂದವಾಯಿತು. ಅದೇ ಹೊತ್ತಿಗೆ ಕಡಲ ಕಾವಲಿಗೆ ಟರ್ಕಿಯ ಡ್ರೋನ್‌ಗಳು ಬಂದವು. ಭಾರತ ತನ್ನ ಕಡೆಯಿಂದ ಮಾರ್ಚ್ 6ರಂದು ಮಿನಿಕಾಯ್‌ನಲ್ಲಿ ಐಎನ್‌ಎಸ್ ಜಟಾಯು ನೌಕಾನೆಲೆಯನ್ನು ಉದ್ಘಾಟಿಸಿತು. ಬೇರೆಯವರ ನೆಲದಲ್ಲಿ ನಿಲ್ಲಲು ಜಾಗ ಕೇಳುವ ಬದಲು 70 ಮೈಲಿ ಈಚೆ ಸ್ವಂತ ನೆಲದಲ್ಲಿ ಗಟ್ಟಿಯಾಗಿ ಕಾಲೂರುವುದು. ಹತ್ತು ವರ್ಷ ಮೊದಲೇ ಆಗಬೇಕಿದ್ದ ಕೆಲಸ.

ಡ್ರೋನ್‌ಗಳು ಕಡಲನ್ನು ನೋಡಬಲ್ಲವು, ರೋಗಿಯನ್ನು ಹೊರಲಾರವು. ಚೀನಾದ ಒಪ್ಪಂದದಿಂದ ಅಶ್ರುವಾಯು, ವಾಹನ, ತರಬೇತಿ ಬರಬಹುದು. ವಿದೇಶಿ ವಿನಿಮಯ ಬರಿದಾದಾಗ ತಕ್ಷಣ ಕೈಹಿಡಿಯುವವರು ಬೇಕಿತ್ತು. 2024ರ ನಡುವಿಗೆ ಮಾಲ್ಡೀವ್ಸ್‌ನ ಬೊಕ್ಕಸ ಬತ್ತಿ ಸಾಲದ ಕಂತು ತಪ್ಪುವ ಭಯ ಹುಟ್ಟಿತು. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ತಲಾ 5 ಕೋಟಿ ಡಾಲರ್ ಸಾಲಪತ್ರಗಳ ಮರುಪಾವತಿಯನ್ನು ಭಾರತ ಒಂದೊಂದು ವರ್ಷ ಮುಂದೂಡಿತು.

ಬೆಂಗಳೂರಿಗೆ ಬಂದ ಅಧ್ಯಕ್ಷರು

2024ರ ಅಕ್ಟೋಬರ್‌ನಲ್ಲಿ ಮುಯಿಝು ಭಾರತಕ್ಕೆ ರಾಜ್ಯ ಭೇಟಿಗೆ ಬಂದರು. 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಗಳ ಕರೆನ್ಸಿ ವಿನಿಮಯ ಒಪ್ಪಂದವಾಯಿತು. ಆರ್ಥಿಕತೆ ಮತ್ತು ಕಡಲ ಭದ್ರತೆ ಎರಡನ್ನೂ ಒಂದೇ ಚೌಕಟ್ಟಿಗೆ ತಂದ ಜಂಟಿ ಹೇಳಿಕೆ ಹೊರಬಿತ್ತು. ನಿಂತೇಹೋಗಬಹುದು ಎನ್ನಿಸಿದ್ದ ಉತುರು ತಿಲಾ ಫಲ್ಹು ಬಂದರಿನ ಕೆಲಸವೂ ಅದರೊಳಗಿತ್ತು. ಆಗ್ರಾ, ಮುಂಬೈ ಮುಗಿಸಿ ಅವರು ಬೆಂಗಳೂರಿಗೂ ಬಂದು ಉದ್ಯಮಿಗಳನ್ನು ಭೇಟಿಯಾದರು. ಜಂಟಿ ಹೇಳಿಕೆಯಲ್ಲಿ ನಮ್ಮ ಪತ್ರಿಕೆಗಳು ಹೆಚ್ಚು ಗಮನಿಸದ ಒಂದು ಅಂಶವಿತ್ತು: ಅಡ್ಡುವಿನಲ್ಲಿ ಭಾರತದ ಕಾನ್ಸುಲೇಟ್, ಬೆಂಗಳೂರಿನಲ್ಲಿ ಮಾಲ್ಡೀವ್ಸ್‌ನ ಕಾನ್ಸುಲೇಟ್ ತೆರೆಯಲು ಎರಡೂ ದೇಶಗಳು ಕೆಲಸ ಮಾಡಲಿವೆ. ಸೈನಿಕರು ಮೊದಲು ಹೊರಟ ಊರು ಅಡ್ಡು. ಅಲ್ಲಿಗೆ ರಾಜತಾಂತ್ರಿಕರನ್ನು ಕಳಿಸುವ ಈ ಯೋಚನೆ ಕೂಡ 'ಇಂಡಿಯಾ ಔಟ್' ದಿನಗಳಲ್ಲಿ ದೊಡ್ಡ ರಂಪಕ್ಕೆ ಕಾರಣವಾಗಿತ್ತು.

ಬೆಂಗಳೂರನ್ನು ಆರಿಸಿದ್ದರಲ್ಲಿ ವಿಶೇಷವೇನಿಲ್ಲ. ಓದಿಗೂ ಚಿಕಿತ್ಸೆಗೂ ಮಾಲ್ಡೀವ್ಸ್‌ನ ಜನ ಇಲ್ಲಿಗೆ ಮೊದಲಿನಿಂದ ಬರುತ್ತಿದ್ದಾರೆ, ನೇರ ವಿಮಾನವಿದೆ. ಬಹಿಷ್ಕಾರದ ಕಾವಿನಲ್ಲೂ ಆಸ್ಪತ್ರೆಗೆ ಬರುವವರು ಬರುವುದನ್ನು ಬಿಡಲಿಲ್ಲ. 2023ರಲ್ಲಿ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರ ಸಂಖ್ಯೆ ಮಾತ್ರ ಮರುವರ್ಷ ಬಹಳಷ್ಟು ಕುಸಿಯಿತು. ಕೋಪ ತೀರಿಸಿಕೊಂಡ ಸಮಾಧಾನ ನಮ್ಮವರಿಗೆ ಸಿಕ್ಕಿರಬಹುದು. ಅದರಿಂದ ಮುಯಿಝು ಮಣಿದರು ಎನ್ನುವುದಕ್ಕಿಂತ, ತಮ್ಮ ದೇಶಕ್ಕೆ ಬೀಜಿಂಗ್‌ನಷ್ಟೇ ದೆಹಲಿಯ ಬಾಗಿಲೂ ತೆರೆದಿರಬೇಕೆಂಬ ಲೆಕ್ಕಕ್ಕೆ ಬಂದರು ಎನ್ನುವುದು ಹೆಚ್ಚು ಸರಿ.

2025ರ ಜುಲೈ 25ರಂದು ಪ್ರಧಾನಿ ಮೋದಿ ಮಾಲೆಗೆ ಹೋದರು. ಮರುದಿನದ 60ನೇ ಸ್ವಾತಂತ್ರ್ಯೋತ್ಸವಕ್ಕೆ ಅವರೇ ಮುಖ್ಯ ಅತಿಥಿ. 4,850 ಕೋಟಿ ರೂಪಾಯಿಗಳ ಹೊಸ ಸಾಲ ಘೋಷಣೆಯಾಯಿತು, ಸೇನೆಗೆ ಹಾಗೂ ವಲಸೆ ಇಲಾಖೆಗೆ ವಾಹನಗಳ ಹಸ್ತಾಂತರವಾಯಿತು, ಭಾರತದ ನೆರವಿನಿಂದ ಕಟ್ಟಿದ ರಕ್ಷಣಾ ಸಚಿವಾಲಯದ ಕಟ್ಟಡದ ಉದ್ಘಾಟನೆ ನಡೆಯಿತು. ಚೀನಾದ ಸೇನಾ ಒಪ್ಪಂದವೂ ಹಾಗೆಯೇ ಇದೆ, ಟರ್ಕಿಯ ಡ್ರೋನ್‌ಗಳೂ ಇವೆ. ಎರಡು ಧ್ರುವ್, ಒಂದು ಡಾರ್ನಿಯರಿನ ವಿಷಯದಲ್ಲಿ ಇನ್ನೂ ತೀರ್ಮಾನವಾಗಬೇಕಿರುವುದು ಘಸ್ಸಾನ್ ಅವರ ಪತ್ರಿಕಾಗೋಷ್ಠಿಯಲ್ಲಿ ಎದ್ದ ಪ್ರಶ್ನೆಯೇ: ಸ್ಥಳೀಯ ಪೈಲಟ್‌ಗಳ, ತಂತ್ರಜ್ಞರ ತರಬೇತಿಯನ್ನು ಯಾರು, ಎಷ್ಟು ಬೇಗ ಮುಗಿಸುತ್ತಾರೆ. ಅದು ಮುಗಿಯುವ ಮೊದಲು ಮಾಲೆಯಲ್ಲಿ ಮತ್ತೊಂದು ಅಧ್ಯಕ್ಷೀಯ ಚುನಾವಣೆ ಬರುತ್ತದೆ, 2028ರಲ್ಲಿ.